ಬಾಗಿದ ಹಲಗೆ

ಅಣ್ಣನಿಗೆ ಪಾರ್ಶ್ವವಾಯು ಹೊಡೆದ ಸುದ್ದಿ ಬಂದಾಗ ಎಡಚಿ ಒಂದು ಗೇಟಿಗೆ ಬೆಸುಗೆ ಹಾಕುತ್ತಿದ್ದಳು. ಫೋನಿನಲ್ಲಿ ಅತ್ತಿಗೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು, "ಸರಿ" ಅಂದಳು, ಮುಖವಾಡ ಕೆಳಗಿಳಿಸಿಕೊಂಡು ಉಳಿದ ಬೆಸುಗೆಯನ್ನು ಮುಗಿಸಿದಳು. ಬೆಸುಗೆಯ ಗೆರೆ ಎಲ್ಲೂ ಸೊಟ್ಟಗಾಗಲಿಲ್ಲ. ಮುಖವಾಡ ತೆಗೆದು ಅದನ್ನು ನೋಡಿದಾಗ ಅವಳಿಗೆ ಒಂಥರಾ ಸಮಾಧಾನವೇ ಆಯಿತು.

ಎಡಚಿ ಅನ್ನುವುದು ಅಪ್ಪ ಕರೆದ ಹೆಸರು. ಊಟಕ್ಕೂ ಎಡಗೈ, ಉಳಿಗೂ ಎಡಗೈ. ಅಪ್ಪ ಎರಕದ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುತ್ತಿದ್ದವನು. ಪಂಪಿನ ಚಕ್ರವೋ, ಹೊಲಿಗೆ ಯಂತ್ರದ ಕಾಲೋ, ಕಬ್ಬಿಣದಲ್ಲಿ ಏನು ಹುಟ್ಟಬೇಕಾದರೂ ಅದು ಮೊದಲು ಅಪ್ಪನ ಕೈಯಲ್ಲಿ ಮರವಾಗಿ ಹುಟ್ಟಬೇಕಿತ್ತು. ಆಮೇಲೆ ಆ ಮರದ ತುಂಡನ್ನು ಮರಳಿಗೆ ಒತ್ತಿ ತೆಗೆದು, ಉಳಿದ ಕುಳಿಗೆ ಕರಗಿದ ಕಬ್ಬಿಣ ಸುರಿಯುತ್ತಿದ್ದರು. ಮನೆಯ ಹಿಂದೆ ತಗಡಿನ ಷೆಡ್ಡು. ಅಮ್ಮ ಬೇಗ ತೀರಿಕೊಂಡಿದ್ದರಿಂದ ಅಣ್ಣ ತಂಗಿ ಇಬ್ಬರೂ ಬೆಳೆದದ್ದು ಆ ಷೆಡ್ಡಿನ ಮರದ ಹೊಟ್ಟಿನ ರಾಶಿಯ ಮೇಲೇ.

ಅಣ್ಣನಿಗೆ ಮಾತು ಚೆನ್ನಾಗಿ ಬರುತ್ತಿತ್ತು. ಹಾಗಾಗಿ ಕಲಾಶಾಲೆಗೆ ಹೋದವನು ಅವನು. ಎಡಚಿ ಮನೆಯಲ್ಲೇ ಉಳಿದಳು, ಅಪ್ಪನಿಂದ ಉಳಿ ಹಿಡಿಯುವುದನ್ನೂ ಕಾರ್ಖಾನೆಯವರಿಂದ ಬೆಸುಗೆಯನ್ನೂ ಕಲಿತಳು. ರಜೆಗೆ ಬಂದಾಗ ಅಣ್ಣ ಷೆಡ್ಡಿನಲ್ಲಿ ಕಾಲು ಚಾಚಿ ಕೂತು ಹೊಸ ಶಿಲ್ಪದ ಬಗ್ಗೆ ಹೇಳುತ್ತಿದ್ದ. ಈಗ ಯಾರೂ ಮೂಗು ಬಾಯಿ ಇರುವ ಗೊಂಬೆ ಮಾಡುವುದಿಲ್ಲವಂತೆ. ಭಾರ ಎಲ್ಲಿ ಕೂರುತ್ತದೆ, ಗಾಳಿ ಎಲ್ಲಿ ನುಗ್ಗುತ್ತದೆ, ಅದೇ ಮುಖ್ಯವಂತೆ. ಖಾಲಿ ಬಿಟ್ಟ ಜಾಗವೂ ಶಿಲ್ಪವೇ ಅಂತೆ. ಎಡಚಿ ಕಿವಿಯನ್ನು ಅವನಿಗೆ ಕೊಟ್ಟು ಕೈಯನ್ನು ಕೆಲಸಕ್ಕೆ ಕೊಟ್ಟಿರುತ್ತಿದ್ದಳು. ಒಂದು ರಜೆಯಲ್ಲಿ ಅವನು ಬರುವಷ್ಟರಲ್ಲಿ, ಕಾರ್ಖಾನೆಯವರು ಬೇಡವೆಂದು ಬಿಸಾಡಿದ ಮರದ ಅಚ್ಚುಗಳನ್ನು ಸೀಳಿ, ನಡುವೆ ಕಬ್ಬಿಣದ ಪಟ್ಟಿಗಳನ್ನು ಬಗ್ಗಿಸಿ ಕೂರಿಸಿ, ಏನೋ ಒಂದನ್ನು ನಿಲ್ಲಿಸಿದ್ದಳು. ಹಕ್ಕಿಯಲ್ಲ, ಆದರೆ ಈಗಲೋ ಆಗಲೋ ಕುಕ್ಕುತ್ತದೆ ಅನ್ನುವ ಹಾಗಿತ್ತು.

ಅಣ್ಣ ಅದರ ಸುತ್ತ ಸುತ್ತಿದ.

"ಯಾರು ಹೇಳ್ಕೊಟ್ರು ಇದನ್ನ?"

"ನೀನೇ ಅಲ್ವಾ, ಖಾಲಿ ಜಾಗ ಗೀಲಿ ಜಾಗ ಅಂತಿದ್ದದ್ದು."

ಆ ವರ್ಷದ ಪ್ರದರ್ಶನಕ್ಕೆ 'ಕೊಕ್ಕು' ಎಂಬ ಹೆಸರಿನಲ್ಲಿ ಅದು ಹೋಯಿತು, ಅಣ್ಣನ ಕೃತಿಯಾಗಿ. "ಈ ಸಲ ನನ್ನ ಹೆಸರಲ್ಲಿ ಹೋಗ್ಲಿ ಕಣೇ," ಅಂದಿದ್ದ. "ಕಾಲೇಜಿನವನು ಅಂದ್ರೆ ಒಳಗೆ ಬಿಡ್ತಾರೆ. ನಿನ್ನ ಹೆಸರು ಹಾಕಿದ್ರೆ ಬಾಗಿಲಲ್ಲೇ ತಡೀತಾರೆ. ಒಂದು ಸಲ ಒಳಗೆ ಹೋಗಿಬಿಡೋಣ, ಮುಂದಿನ ಸಲ ಇಬ್ಬರ ಹೆಸರೂ ಹಾಕೋಣ." ಆ ವಯಸ್ಸಿನಲ್ಲಿ ಎಡಚಿಗೆ ಅದು ಸರಿ ಅನ್ನಿಸಿತ್ತು. ಅಣ್ಣನಲ್ಲವೇ. ಪತ್ರಿಕೆಯಲ್ಲಿ ಬಂದ ಫೋಟೋವನ್ನು ಅವಳೇ ಕತ್ತರಿಸಿ ಷೆಡ್ಡಿನ ಗೋಡೆಗೆ ಅಂಟಿಸಿದಳು. ಅಪ್ಪ ಕನ್ನಡಕ ಏರಿಸಿಕೊಂಡು ಓದಿ, ಕೆಳಗಿದ್ದ ಒಂದೇ ಹೆಸರನ್ನು ನೋಡಿ, "ಇರ್ಲಿ ಬಿಡು, ಇಬ್ರೂ ನನ್ನ ಮಕ್ಕಳೇ ತಾನೇ," ಅಂದ. ಅಪ್ಪ ಆಡಿದ ಮಾತುಗಳಲ್ಲಿ ಅವಳಿಗೆ ಇವತ್ತಿಗೂ ಚುಚ್ಚುವುದು ಅದೊಂದೇ.

ಆ ಮುಂದಿನ ಸಲ ಬರಲೇ ಇಲ್ಲ. 'ಕೊಕ್ಕು' ಆದ ಮೇಲೆ 'ಮೂರು ಮೊಣಕಾಲು', ಅದಾದ ಮೇಲೆ 'ಉಸಿರು ಹಿಡಿದದ್ದು', ಹೀಗೆ ಒಂದರ ಹಿಂದೆ ಒಂದು. ಕಬ್ಬಿಣ ಮತ್ತು ಮರವನ್ನು ಹೀಗೆ ಮದುವೆ ಮಾಡಿಸಿದವರು ಇನ್ನೊಬ್ಬರಿಲ್ಲ ಎಂದು ಅಣ್ಣನ ಬಗ್ಗೆ ಬರೆದರು. ಅಣ್ಣನದ್ದು ಏನೂ ಇರಲಿಲ್ಲ ಅಂದರೆ ಅದು ಅನ್ಯಾಯದ ಮಾತಾದೀತು. ಅವನಿಗೆ ಕಣ್ಣಿತ್ತು. ಎಡಚಿ ಇನ್ನೊಂದು ಪಟ್ಟಿ ಸೇರಿಸಲು ಹೋದಾಗ "ಸಾಕು, ಅಲ್ಲಿಗೆ ಬಿಡು" ಅನ್ನುತ್ತಿದ್ದ, ಅದು ಸರಿಯಾಗಿಯೇ ಇರುತ್ತಿತ್ತು. ಆದರೆ ಸಾಕು ಅಂದವನ ಹೆಸರು ಉಳಿಯಿತು, ಬೆರಳು ಸುಟ್ಟುಕೊಂಡವಳ ಹೆಸರು ಎಲ್ಲೂ ಬರಲಿಲ್ಲ. ಅಪ್ಪ ಹೋದ. ಅಣ್ಣನಿಗೆ ಮದುವೆಯಾಯಿತು, ಅತ್ತಿಗೆ ಬಂದಳು. ದೊಡ್ಡ ಮನೆ, ಹಿಂದೆ ದೊಡ್ಡ ಷೆಡ್ಡು. ಎಡಚಿ ಆ ಷೆಡ್ಡಿನಲ್ಲೇ ಇದ್ದಳು.

ಒಂದು ಮಧ್ಯಾಹ್ನ ದೊಡ್ಡ ಗ್ಯಾಲರಿಯ ಕೆಲವರು ಬಂದರು. ಎಡಚಿ ಮಸಿ ಮೆತ್ತಿದ ಏಪ್ರನ್ನಿನಲ್ಲೇ ಹೊರಗೆ ಬಂದಳು, ಕೈಯಲ್ಲಿ ಇನ್ನೂ ಬಿಸಿಯಾಗಿದ್ದ ಒಂದು ತುಂಡು. ಬಂದವರಲ್ಲಿ ಒಬ್ಬಾಕೆ "ಇವರು?" ಎಂದು ಕೇಳಿದಳು. ಅಣ್ಣ ತಿರುಗಿಯೂ ನೋಡದೆ ಹೇಳಿದ:

"ನನ್ನ ತಂಗಿ. ಪಾಲಿಶ್ ಗೀಲಿಶ್ ಎಲ್ಲ ಇವಳೇ ನೋಡ್ಕೊಳ್ಳೋದು."

ಪಾಲಿಶ್ ಅಂದಿದ್ದರೆ ನುಂಗಿಕೊಳ್ಳುತ್ತಿದ್ದಳೋ ಏನೋ. ಆ ಗೀಲಿಶ್ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಅಷ್ಟು ವರ್ಷಗಳ ಬೆಂಕಿ, ಹೊಗೆ, ಕಣ್ಣುರಿ, ಎಲ್ಲ ಸೇರಿ ಒಂದು ಗೀಲಿಶ್ ಆಗಿಹೋಗಿತ್ತು. ಬಂದವರು ಹೋಗುವವರೆಗೆ ಕಾದಳು. ಆಮೇಲೆ ಅಣ್ಣನ ಎದುರು ನಿಂತು, "ಮುಂದಿನ ಸಲ ಅಂದಿದ್ದೆಯಲ್ಲ, ಅದು ಯಾವಾಗ?" ಎಂದು ಕೇಳಿದಳು.

ಅವನು ನಕ್ಕ. "ನಿನಗೇನು ಕಮ್ಮಿಯಾಗಿದೆ ಇಲ್ಲಿ? ಈಗ ಹೋಗಿ ಇದೆಲ್ಲ ನನ್ನ ತಂಗಿ ಮಾಡಿದ್ದು ಅಂದ್ರೆ ಇಬ್ಬರನ್ನೂ ಓಡಿಸ್ತಾರೆ. ತಲೆ ಕೆಡಿಸ್ಕೋಬೇಡ. ಹೋಗು, ಕೈಯಲ್ಲಿರೋ ತುಂಡು ಆರಿಹೋಗುತ್ತೆ."

ಅವಳು ಹೋದಳು. ಆದರೆ ಷೆಡ್ಡಿಗಲ್ಲ. ಅಪ್ಪನ ಉಳಿಗಳ ಚೀಲವನ್ನೂ ತನ್ನ ಬೆಸುಗೆ ಮುಖವಾಡವನ್ನೂ ಹೆಗಲಿಗೆ ಹಾಕಿಕೊಂಡು ಗೇಟು ದಾಟಿದಳು. ಊರಿನ ಇನ್ನೊಂದು ತುದಿಯಲ್ಲಿ ಗೇಟು, ಕಿಟಕಿ ಸರಳು ಮಾಡುವ ಅಂಗಡಿಗೆ ಸೇರಿ, ಕೆಲವು ವರ್ಷಗಳಲ್ಲಿ ಅದನ್ನೇ ತನ್ನದು ಮಾಡಿಕೊಂಡಳು. ಮದುವೆ, ಮಕ್ಕಳು ಯಾವುದಕ್ಕೂ ತಲೆ ಹಾಕಲಿಲ್ಲ. ಕೆಲಸ, ಮತ್ತು ಎದೆಯೊಳಗೆ ಒಂದು ಕೆಂಡ. ಆ ಕೆಂಡ ಆರದ ಹಾಗೆ ಆಗಾಗ ಊದಿಕೊಳ್ಳುತ್ತಿದ್ದಳು.

ಅವಳು ಹೋದ ಮೇಲೆ ಅಣ್ಣನ ಕೈಯಿಂದ ಏನೂ ಹೊರಬರಲಿಲ್ಲ. ಪತ್ರಿಕೆಯವರು ಅದಕ್ಕೂ ಒಂದು ಒಳ್ಳೆಯ ಹೆಸರಿಟ್ಟರು, ಕಲಾವಿದನ ಮೌನದ ಕಾಲ ಎಂದರು. ಎಡಚಿ ಅದನ್ನು ಓದಿ ಅಂಗಡಿಯಲ್ಲಿ ಒಬ್ಬಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಒಂದು ದಿನ ಆ ಮೌನ ಮುರಿಯಿತು. 'ಬಾಗು' ಎಂಬ ಹೊಸ ಕೃತಿ ಬಂದಿದೆ, ಜನ ಮುಗಿಬಿದ್ದು ನೋಡುತ್ತಿದ್ದಾರೆ ಅಂತ ಸುದ್ದಿ. ನಗೋಣವೆಂದೇ ಎಡಚಿ ಕೈಕಾಲು ತೊಳೆದು, ಒಳ್ಳೆಯ ಬಟ್ಟೆ ಹಾಕಿಕೊಂಡು, ನೋಡಲು ಹೋದಳು.

ಒಂದೇ ಒಂದು ಅಗಲವಾದ ಹಲಗೆ. ನೆಟ್ಟಗೆ ನಿಲ್ಲಿಸಿದ್ದ, ಆಳೆತ್ತರ. ಸುಟ್ಟು ಕಪ್ಪು ಮಾಡಿ, ತಂತಿ ಬ್ರಶ್ಶಿನಿಂದ ಉಜ್ಜಿ, ಮರದ ನರಗಳೆಲ್ಲ ಎದ್ದು ಕಾಣುವ ಹಾಗೆ ಬಿಟ್ಟಿದ್ದ. ಮೇಲ್ಗಡೆ ಹಲಗೆ ಮೆಲ್ಲಗೆ ಬಾಗಿತ್ತು, ಪಕ್ಕದ ಕೋಣೆಯಲ್ಲಿ ಮಲಗಿದವರ ಉಸಿರಾಟವನ್ನು ಯಾರೋ ಕಿವಿಗೊಟ್ಟು ಕೇಳುತ್ತಿರುವಂತೆ. ನಡುವೆ ಒಂದು ಹಳೆಯ ಸೀಳು, ಅದರೊಳಗೆ ಸುರಿದ ಕಂಚಿನ ಸಣ್ಣ ಎಳೆ. ಅಷ್ಟೇ. ಒಂದು ಬೆಸುಗೆಯಿಲ್ಲ, ಒಂದು ಮೊಳೆಯಿಲ್ಲ.

ಎಡಚಿಯ ನಗು ಬಾಯಿಗೆ ಬರುವ ಮೊದಲೇ ಒಣಗಿತು. ಅದು ಅವಳ ಎಲ್ಲ ಕೆಲಸಕ್ಕಿಂತ ಮೇಲಿತ್ತು. ಅದನ್ನು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಕದ್ದವನು ಕಳ್ಳನಾಗಿ ಉಳಿದಿದ್ದರೆ ಅವಳು ಹೇಗೋ ಬದುಕಿಕೊಳ್ಳುತ್ತಿದ್ದಳು. ಈಗ ಅವನು ನಿಜವಾಗಿಯೂ ಶಿಲ್ಪಿಯಾಗಿಬಿಟ್ಟಿದ್ದ. ಅದನ್ನು ಕ್ಷಮಿಸುವುದು ಅವಳಿಂದ ಆಗಲಿಲ್ಲ.

ಪಾರ್ಶ್ವವಾಯು ಹೊಡೆದದ್ದು ಅದಾಗಿ ಬಹಳ ವರ್ಷಗಳ ಮೇಲೆ. ಆಸ್ಪತ್ರೆಯಿಂದ ಮನೆಗೆ ಕರೆತಂದ ಬಳಿಕ ಎಡಚಿ ಹೋದಳು. ಅಣ್ಣನನ್ನು ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂರಿಸಿದ್ದರು. ಬಲಗೈ ಮಡಿಲಲ್ಲಿ ಯಾರೋ ಮರೆತುಹೋದ ಕೈಗವುಸಿನ ಹಾಗೆ ಬಿದ್ದಿತ್ತು. ಅವಳನ್ನು ನೋಡಿ ಅವನ ಮುಖದ ಅರ್ಧ ಭಾಗ ಅರಳಿತು.

"ಹೌದು," ಅಂದ. "ಹೌದು, ಹೌದು."

"ಏನಂತೆ?" ಎಂದು ಎಡಚಿ ಅತ್ತಿಗೆಯನ್ನು ಕೇಳಿದಳು.

"ಅದೊಂದೇ ಮಾತು ಉಳಿದಿರೋದು," ಅತ್ತಿಗೆ ಅವನ ಗಲ್ಲ ಒರೆಸುತ್ತ ಹೇಳಿದಳು. "ಒಳಗೆ ಎಲ್ಲ ಗೊತ್ತಾಗುತ್ತಂತೆ, ಹೊರಗೆ ಬರೋದು ಮಾತ್ರ ಇದು. ಇಲ್ಲ ಅನ್ನೋಕೆ ಹೋದ್ರೂ ಹೌದು ಅಂತಾನೇ ಬರುತ್ತೆ. ತಲೇನೂ ಅಷ್ಟೇ, ಯಾವ ಕಡೆ ಆಡಿಸ್ತಾರೋ ಅವರಿಗೇ ತಿಳಿಯಲ್ಲ. ಬರೆಯೋದೂ ಹೋಯ್ತು." ಆಮೇಲೆ ಸೇರಿಸಿದಳು: "ಮದುವೆಯಾದಾಗಿಂದ ನಾನು ಹೇಳಿದ ಒಂದಕ್ಕೂ ಹೌದು ಅಂದವರಲ್ಲ ಈ ಮನುಷ್ಯ. ಈಗ ನೋಡು, ಬೆಳಗಿಂದ ಸಂಜೆವರೆಗೆ ಹೌದೇ ಹೌದು."

ಇಬ್ಬರೂ ನಕ್ಕರು. ಅಣ್ಣನೂ ನಗಲು ನೋಡಿದ.

ಕೆಲವು ತಿಂಗಳು ಕಳೆದ ಮೇಲೆ ಎಡಚಿಯ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಮ್ಯೂಸಿಯಂನವಳು. ಅಣ್ಣನ ಎಲ್ಲ ಕೃತಿಗಳನ್ನು ಸೇರಿಸಿ ದೊಡ್ಡ ಪ್ರದರ್ಶನ ಮಾಡುವ ಹೊಣೆ ಹೊತ್ತವಳು. ಅಂಗಡಿಯ ಕಬ್ಬಿಣದ ಹೊಗೆಗೆ ಕೆಮ್ಮುತ್ತ ನಿಂತಿದ್ದವಳು, ಎಡಚಿ ಕಿಟಕಿಯ ಚೌಕಟ್ಟೊಂದಕ್ಕೆ ಬೆಸುಗೆ ಹಾಕುವುದನ್ನು ಬಹಳ ಹೊತ್ತು ನೋಡಿದಳು.

"ನೀವು ಎಡಗೈಯವರು," ಅಂದಳು ಕೊನೆಗೆ.

"ಹೂಂ. ಅದಕ್ಕೇನು?"

"ನಿಮ್ಮ ಅಣ್ಣ ಬಲಗೈಯವರು. ಹಳೇ ಫೋಟೋಗಳಲ್ಲೆಲ್ಲ ನೋಡಿದೀನಿ. 'ಕೊಕ್ಕು' ಸ್ವಚ್ಛ ಮಾಡುವಾಗ ಬೆಸುಗೆ ಗೆರೆ ನೋಡಿದೆ. ಎಲ್ಲ ಉಲ್ಟಾ ಹರಿದಿದೆ. ಉಳಿ ಗುರುತೂ ಹಾಗೇ. ಬಲಗೈಯಲ್ಲಿ ಅದು ಆಗಲ್ಲ ಅಂತ ನಮ್ಮ ಕೆಲಸಗಾರರೆಲ್ಲ ಹೇಳ್ತಾರೆ." ಆಕೆ ದನಿ ತಗ್ಗಿಸಿದಳು. "ಅದನ್ನ ಮಾಡಿದ್ದು ಯಾರು?"

ಎಡಚಿ ಮುಖವಾಡ ತೆಗೆದು ಬೆಂಚಿನ ಮೇಲಿಟ್ಟಳು. ಇಷ್ಟು ವರ್ಷ ಈ ಪ್ರಶ್ನೆಗೆ ಕನಸಿನಲ್ಲಿ ಎಷ್ಟೋ ಥರ ಉತ್ತರ ಕೊಟ್ಟಿದ್ದಳು. ಕೂಗಿದ್ದಳು, ಅತ್ತಿದ್ದಳು, ಅಣ್ಣನ ಕೊರಳಪಟ್ಟಿ ಹಿಡಿದಿದ್ದಳು. ಈಗ ಬಂದ ದನಿ ಗಿರಾಕಿಗೆ ಅಳತೆ ಹೇಳುವ ದನಿ.

"ನಾನು."

ಮ್ಯೂಸಿಯಂನ ಉಗ್ರಾಣದಲ್ಲಿ ಎಲ್ಲರೂ ಸೇರಿದರು. ಅಂಗಡಿಗೆ ಬಂದಿದ್ದ ಆ ಮೇಡಂ ಬಹಳ ನ್ಯಾಯವಂತ ಹೆಂಗಸು. ಒಬ್ಬರ ಮಾತು ಕೇಳಿ ಇನ್ನೊಬ್ಬರ ಹೆಸರು ಅಳಿಸುವುದು ಸರಿಯಲ್ಲ, ಅವರೂ ಎದುರಿಗಿರಬೇಕು ಎಂದು ಅಣ್ಣನನ್ನೂ ಅತ್ತಿಗೆಯನ್ನೂ ವ್ಯಾನಿನಲ್ಲಿ ಕರೆಸಿದ್ದಳು. ಅಣ್ಣನಿಗೆ ಉಳಿದಿರುವುದು ಒಂದೇ ಮಾತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಎತ್ತರದ ಸೂರಿನ ಕೆಳಗೆ, ಬಿಳಿ ಬಟ್ಟೆ ಹೊದ್ದು ಸಾಲಾಗಿ ನಿಂತಿದ್ದವು ಕೃತಿಗಳು. ಕೆಲಸಗಾರರು ಒಂದೊಂದರದ್ದೇ ಬಟ್ಟೆ ತೆಗೆದರು.

ಎಡಚಿ ಪ್ರತಿಯೊಂದರ ಹೊಟ್ಟೆಯೊಳಗಿನ ಗುಟ್ಟು ಹೇಳಿದಳು. "ಇದರ ತಳದ ತಗಡು ಬಿಚ್ಚಿ. ಒಳಗೆ ಎಂಟು ಮೂಲೆಯ ಮರದ ಗೂಟ ಇದೆ. ಕಬ್ಬಿಣದ ಬೋಲ್ಟು ಹಾಕಿದ್ರೆ ಮರ ಸೀಳುತ್ತೆ, ಅಪ್ಪ ಹೇಳ್ಕೊಟ್ಟಿದ್ದು." ಬಿಚ್ಚಿದರು, ಗೂಟ ಇತ್ತು. "'ಮೂರು ಮೊಣಕಾಲಿ'ನ ನಡುವಿನದ್ದು ಟೊಳ್ಳು. ಮರಳು ತುಂಬಿದೀನಿ, ಭಾರಕ್ಕೆ. ಅಲ್ಲಾಡಿಸಿ ನೋಡಿ." ಇಬ್ಬರು ಹಿಡಿದು ಅಲ್ಲಾಡಿಸಿದರು, ಒಳಗೆ ಮರಳು ಜಾರುವ ಸದ್ದು ಕೇಳಿತು. ಪ್ರತಿ ಸಲ ಮೇಡಂ ಅಣ್ಣನ ಕಡೆ ತಿರುಗಿ ಕೇಳುತ್ತಿದ್ದಳು. "ಸರ್, ಇದು ನಿಮ್ಮ ತಂಗಿ ಮಾಡಿದ್ದಾ?"

'ಕೊಕ್ಕು' ಎದುರು ನಿಂತಾಗ ಅಣ್ಣ ಬಹಳ ಹೊತ್ತು ಎಡಚಿಯನ್ನೇ ನೋಡಿದ. ಕಣ್ಣು ತುಂಬಿತು. "ಹೌದು," ಅಂದ ಮೆಲ್ಲಗೆ. ಎಡಚಿಗೆ ಗೊತ್ತಾಯಿತು, ಅದು ಬಾಯಿತಪ್ಪಿ ಬಂದ ಹೌದಲ್ಲ. ಬೇರೆ ಮಾತು ಇದ್ದಿದ್ದರೂ ಅವನು ಅದನ್ನೇ ಹೇಳುತ್ತಿದ್ದ. ಒಂದೊಂದು ಕೃತಿಗೂ ಹೌದು ಅನ್ನುತ್ತಾ, ಅವನು ಎಷ್ಟೋ ವರ್ಷದ ಹೊರೆಯನ್ನು ಇಳಿಸುತ್ತಿದ್ದ ಹಾಗೆ ಕುರ್ಚಿಯಲ್ಲಿ ಹಗುರಾಗುತ್ತಾ ಬಂದ. ಅವಳ ಹೆಸರು ಅವಳಿಗೆ ಬಂದಿತ್ತು, ಅದೂ ಅವನ ಬಾಯಿಂದಲೇ. ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಪಕ್ಕದಲ್ಲಿ ನಿಂತು ಸಾಕು ಅನ್ನುವವರು ಅವತ್ತು ಯಾರೂ ಇರಲಿಲ್ಲ.

ಕೊನೆಯ ಬಟ್ಟೆ ತೆಗೆದರು. 'ಬಾಗು' ನಿಂತಿತ್ತು.

"ಇದು ಮಾತ್ರ ಅವರದ್ದೇ ಇರಬೇಕು, ಅಲ್ವಾ?" ಎಂದಳು ಮೇಡಂ. "ಇದರಲ್ಲಿ ಉಳಿ ಗುರುತೇ ಇಲ್ಲ, ಸುಟ್ಟು ಉಜ್ಜಿಬಿಟ್ಟಿದ್ದಾರೆ. ಯಾವ ಕೈ ಅಂತ ಹೇಳೋಕಾಗಲ್ಲ. ನೀವು ಆಗ ಅವರ ಜೊತೆ ಇರಲೂ ಇಲ್ಲ."

ಎಡಚಿ ಅಣ್ಣನನ್ನು ನೋಡಿದಳು. ಅವನು ಕುರ್ಚಿಯಲ್ಲಿ ಆದಷ್ಟು ನೆಟ್ಟಗೆ ಕೂತಿದ್ದ. ಬಹುಮಾನಕ್ಕೆ ಮಗಳ ಹೆಸರು ಕರೆಯುವುದನ್ನೇ ಕಾಯುತ್ತ ಕೂತ ತಂದೆಯ ಹಾಗೆ, ಆ ಕಪ್ಪು ಹಲಗೆಯನ್ನೇ ನೋಡುತ್ತಿದ್ದ. ಎಲ್ಲ ಕೊಟ್ಟಾಯಿತು, ಇದೊಂದು ನನ್ನದು, ಎನ್ನುತ್ತಿತ್ತು ಆ ಮುಖ. ಆ ತೃಪ್ತಿಯನ್ನು ಕಂಡದ್ದೇ ಎಡಚಿಯ ಮೈಯಲ್ಲಿ ಬೆಂಕಿ ಬಿತ್ತು.

"ಇದೂ ನಂದೇ," ಅಂದಳು.

ಮೇಡಂ ಹುಬ್ಬೇರಿಸಿದಳು.

"ಬಿಟ್ಟುಹೋಗಿದ್ದೆ, ನಿಜ. ಇದನ್ನ ನನ್ನ ಅಂಗಡೀಲಿ ಮಾಡಿದೆ. ಇವನ ಕೈ ಓಡ್ತಿರಲಿಲ್ಲ. ಬಂದು ಕೂತ್ಕೊಂಡು ಕೇಳ್ಕೊಂಡ. ಒಡಹುಟ್ಟಿದವನಲ್ವಾ, ಕೊಟ್ಟೆ." ಸುಳ್ಳು ಎಣ್ಣೆ ಹಾಕಿದ ಕೀಲಿನ ಹಾಗೆ ಸಲೀಸಾಗಿ ತಿರುಗಿತು.

ಅಣ್ಣನ ಬಾಯಿ ತೆರೆದುಕೊಂಡಿತು.

"ಸರ್," ಮೇಡಂ ಅವನ ಎದುರು ಮಂಡಿಯೂರಿ ಕೂತಳು. "ಇದು ನಿಜವಾ? ಇದನ್ನೂ ನಿಮ್ಮ ತಂಗಿನೇ ಮಾಡಿದ್ದಾ?"

ಅವನ ಕತ್ತಿನ ನರಗಳು ಉಬ್ಬಿದವು. ತುಟಿ ಬೇರೊಂದು ಮಾತಿನ ಆಕಾರಕ್ಕೆ ತಿರುಚಿಕೊಂಡಿತು. ಆ ಮಾತು ಬರುತ್ತಿದೆ ಎಂದು ಎಡಚಿಗೆ ಒಂದು ಗಳಿಗೆ ಭಯವೇ ಆಯಿತು.

"ಹೌದು," ಅಂದ ಅಣ್ಣ.

ತನ್ನ ನಾಲಿಗೆಯನ್ನು ತಾನೇ ಕೇಳಿ ಬೆಚ್ಚಿಬಿದ್ದ. ತಲೆ ಅತ್ತ ಇತ್ತ ಮೇಲೆ ಕೆಳಗೆ ಹೊಯ್ದಾಡಿತು. "ಹೌದು! ಹೌದು! ಹೌದು!" ಎಡಗೈಯಿಂದ ಕುರ್ಚಿಯ ತೋಳನ್ನು ಗುದ್ದುತ್ತಾ, ಎಂಜಲು ಸಿಡಿಸುತ್ತಾ, ಉಗ್ರಾಣವೆಲ್ಲ ಮೊಳಗುವ ಹಾಗೆ ಕೂಗಿದ. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ಎಷ್ಟು ದೊಡ್ಡ ಮನಸ್ಸು ಇವರದ್ದು," ಅಂದಳು. "ಎಷ್ಟು ಸಲ ಹೇಳ್ತಿದ್ದಾರೆ ನೋಡಿ."

ಆಮೇಲೆ ಅತ್ತಿಗೆಯ ಕಡೆ ತಿರುಗಿದಳು. "ನಿಮಗೂ ಗೊತ್ತಿತ್ತಾ?"

ಸಿಟ್ಟಿನ ಭರದಲ್ಲಿ ಎಡಚಿ ಅತ್ತಿಗೆಯೊಬ್ಬಳು ಅಲ್ಲಿದ್ದಾಳೆ ಅನ್ನುವುದನ್ನೇ ಮರೆತಿದ್ದಳು. 'ಬಾಗು' ಆದ ವರ್ಷ ಅದೇ ಮನೆಯಲ್ಲಿದ್ದವಳು, ಅಣ್ಣನ ಹೌದಿಗೆ ಬೆಲೆಯೆಷ್ಟು ಅನ್ನುವುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು. ಅತ್ತಿಗೆ ಟವೆಲ್ಲಿನಿಂದ ಗಂಡನ ಗಲ್ಲ ಒರೆಸಿದಳು, ಟವೆಲ್ ಮಡಿಸಿದಳು, ಚೀಲದೊಳಗೆ ಇಟ್ಟಳು.

"ಗೊತ್ತಿಲ್ದೆ ಏನು," ಅಂದಳು. "ಇವಳದ್ದೇ."

ವ್ಯಾನಿನಲ್ಲಿ ವಾಪಸು ಬರುವಾಗ ಎಡಚಿ ಒಂದೆರಡು ಸಲ ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ರಸ್ತೆ ನೋಡುತ್ತಿದ್ದಳು.

ಪ್ರದರ್ಶನ ಎಡಚಿಯ ಹೆಸರಿನಲ್ಲೇ ಆಯಿತು. ಊರಿಗೂರೇ ಬಂದ ಹಾಗಿತ್ತು. ಗೇಟಿನಂಗಡಿಯ ಮುದುಕಿ ದೊಡ್ಡ ಶಿಲ್ಪಿ ಎಂದು ಪತ್ರಿಕೆಗಳು ಉಪ್ಪು ಖಾರ ಹಚ್ಚಿ ಬರೆದವು. ಅಣ್ಣನಿಗೆ ಬೈದವರು ಬೈದರು, ಹೌದು ಎಂದು ಒಪ್ಪಿಕೊಂಡನಲ್ಲ ಎಂದು ಹೊಗಳಿದವರು ಹೊಗಳಿದರು. ಎಡಚಿ ಕತ್ತೆತ್ತಿ ನಡೆದಳು. ಬಿಸಿಲು ಇಷ್ಟು ಚೆನ್ನಾಗಿರುತ್ತದೆ ಅಂತ ಅವಳಿಗೆ ಎಷ್ಟೋ ವರ್ಷಗಳ ಮೇಲೆ ಅನ್ನಿಸಿತು.

ವಾರಕ್ಕೊಮ್ಮೆ ಅವಳು ಪತ್ರಿಕೆಗಳನ್ನು ಹಿಡಿದುಕೊಂಡು ಅಣ್ಣನ ಮನೆಗೆ ಹೋಗುತ್ತಿದ್ದಳು. ಅವನ ಎದುರು ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಹಾಕಿಕೊಂಡು, 'ಬಾಗು' ಬಗ್ಗೆ ಬರೆದದ್ದನ್ನಷ್ಟೇ ಹೆಕ್ಕಿ ಗಟ್ಟಿಯಾಗಿ ಓದುತ್ತಿದ್ದಳು. "ಕೇಳು, ಇವನು ಏನು ಬರ್ದಿದ್ದಾನೆ. 'ಅಣ್ಣನ ನೆರಳಿನಿಂದ ಹೊರಬಂದ ಮೇಲೆ ಈ ಕಲಾವಿದೆ ನಿಜಕ್ಕೂ ಅರಳಿದ್ದು ಇಲ್ಲಿ.' ಅರಳಿದ್ದಂತೆ ಕಣೋ. ಏನಂತೀಯ?"

"ಹೌದು," ಅನ್ನುತ್ತಿದ್ದ ಅಣ್ಣ, ಹಲ್ಲು ಕಚ್ಚಿ.

ಓದುತ್ತಾ ಓದುತ್ತಾ ಒಂದು ವಿಷಯ ಅವಳಿಗೆ ಕಾಣತೊಡಗಿತು. ಎಲ್ಲರೂ ಬರೆಯುವುದು 'ಬಾಗು' ಬಗ್ಗೆಯೇ. 'ಕೊಕ್ಕಿ'ಗೆ ಒಂದು ಸಾಲು, 'ಮೂರು ಮೊಣಕಾಲಿ'ಗೆ ಅರ್ಧ ಸಾಲು. ಪ್ರದರ್ಶನದಲ್ಲೂ ಅಷ್ಟೇ, ಜನ ಅವಳ ಸ್ವಂತ ಕೃತಿಗಳನ್ನು ಬೇಗ ಬೇಗ ದಾಟಿ ಹೋಗಿ ಅದರ ಎದುರು ಗುಂಪಾಗುತ್ತಿದ್ದರು. ಆಮೇಲೆ ಅವಳ ಕೈ ಹಿಡಿದು ಕೇಳುತ್ತಿದ್ದರು, ಅಷ್ಟು ಹಳೆಯ ಮರವನ್ನು ಬಾಗಿನಲ್ಲಿ ಒಂದು ಬಿರುಕೂ ಬಿಡದ ಹಾಗೆ ಹೇಗೆ ಬಗ್ಗಿಸಿದಿರಿ? ಮೊದಮೊದಲು ನಕ್ಕು ಸುಮ್ಮನಾದಳು. ಆಮೇಲೆ ಮಾತು ಕಲಿತಳು. ಮರದ ಮನಸ್ಸು, ಬೆಂಕಿಯ ತಾಳ್ಮೆ, ಏನೇನೋ. ಅಣ್ಣ ಅವಳ ಕೆಲಸದ ಬಗ್ಗೆ ಆಡುತ್ತಿದ್ದಂಥದೇ ಮಾತು. ಆಡಿದ ಮೇಲೆ ಬಾಯಿ ಕಹಿಯಾಗುತ್ತಿತ್ತು.

ಕೊನೆಗೆ ಮೇಡಂ ಫೋನು ಮಾಡಿದಳು. ಮ್ಯೂಸಿಯಂನ ಹೊಸ ಅಂಗಳಕ್ಕೆ 'ಬಾಗಿ'ನ ಜೋಡಿ ಬೇಕು. ಅದೇ ಥರ ಇನ್ನೊಂದು ಮರ, ಅದೇ ಬಾಗು, ಅದಕ್ಕೆ ಎದುರಾಗಿ ಮುಖ ಮಾಡಿದ್ದು.

"ಅದಕ್ಕೇನಂತೆ, ಮಾಡೋಣ," ಅಂದಳು ಎಡಚಿ. ಆಗುವುದಿಲ್ಲ ಅನ್ನಲು ಬಾಯೇ ಬರಲಿಲ್ಲ.

ಹಳೆಯ ಮನೆಗಳ ಬಾಗಿಲು, ತೊಲೆ ತಂದಳು. ಉಗಿ ಕೊಟ್ಟಳು, ನೀರಲ್ಲಿ ನೆನೆಸಿದಳು, ಹಿಂದಿನಿಂದ ಗೀರು ಹಾಕಿ ನೋಡಿದಳು, ಭಾರ ಕಟ್ಟಿ ತಿಂಗಳುಗಟ್ಟಲೆ ಬಿಟ್ಟಳು. ಅಷ್ಟು ಅಗಲದ, ಅಷ್ಟು ಒಣಗಿದ ಮರ ಎಲ್ಲಿ ಬಗ್ಗೀತು? ಬಂದೂಕು ಹಾರಿದ ಹಾಗೆ ಸದ್ದು ಮಾಡಿ ಬಿರುಕು ಬಿಡುತ್ತಿತ್ತು. ಒಡೆದ ಹಲಗೆಗಳು ಅಂಗಡಿಯ ಗೋಡೆಗೆ ಒರಗಿ ಹಲ್ಲು ಕಿರಿದುಕೊಂಡು ನಿಂತವು.

ಒಂದು ಬೆಳಿಗ್ಗೆ ಅವಳು ಪತ್ರಿಕೆಯಿಲ್ಲದೆ ಅಣ್ಣನ ಮನೆಗೆ ಹೋದಳು. ಕುರ್ಚಿ ಎಳೆದುಕೊಂಡು ಕೂತಳು.

"ಹೇಗೆ ಬಗ್ಗಿಸಿದೆ?" ಎಂದು ಕೇಳಿದಳು.

ಅಣ್ಣ ಅವಳನ್ನೇ ನೋಡಿದ.

"ಉಗಿ ಕೊಟ್ಟೆಯಾ?"

"ಹೌದು."

"ಪದರ ಸೀಳಿ ಅಂಟಿಸಿದೆಯಾ?"

"ಹೌದು."

"ಬರೀ ಬೆಂಕೀಲೇ ಬಗ್ಗಿಸಿದೆಯಾ? ಸುಡುವಾಗಲೇನಾ?"

"ಹೌದು." ಅವನ ಮುಖದ ಅರ್ಧ ಭಾಗದಲ್ಲಿ ಏನೋ ಅಲುಗಾಡಿತು. ಹೊಟ್ಟೆ ಕುಣಿಯತೊಡಗಿತು. ಅವನು ನಗುತ್ತಿದ್ದ. "ಹೌದು, ಹೌದು, ಹೌದು," ಎನ್ನುತ್ತಾ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಎಡಚಿ ಎದ್ದಳು. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿ ಎಡಗೈ ಮೇಲೆದ್ದಿತ್ತು ಕೂಡ. ಅದನ್ನು ಇನ್ನೊಂದು ಕೈಯಿಂದ ಹಿಡಿದು ಇಳಿಸಿಕೊಂಡು, ಬಾಗಿಲು ಧಡಾರನೆ ಹಾಕಿ ಹೊರಗೆ ಬಂದಳು. ಬೀದಿಗೂ ಆ ನಗು ಕೇಳುತ್ತಿತ್ತು.

ಅವರಿಬ್ಬರ ಕೊನೆಯ ಮಾತುಕತೆ ಅದೇ. ಚಳಿಗಾಲದಲ್ಲಿ ಅಣ್ಣನಿಗೆ ಮತ್ತೊಮ್ಮೆ ಹೊಡೆಯಿತು. ಈ ಸಲ ಏಳಲಿಲ್ಲ.

ಬಂದವರೆಲ್ಲ ಹೋದ ಮೇಲೆ ಅತ್ತಿಗೆ ಅಡುಗೆಮನೆಯಲ್ಲಿ ಕೂತಿದ್ದಳು. ಎಡಚಿ ಹೋಗಿ ಎದುರಿಗೆ ಕೂತಳು. ಉಗ್ರಾಣದ ದಿನದಿಂದ ನಾಲಿಗೆಯ ತುದಿಯಲ್ಲಿದ್ದ ಮಾತನ್ನು ಅವತ್ತು ಕೇಳಿದಳು.

"ಅತ್ತಿಗೆ, ಅವತ್ತು ನನ್ನ ಪರ ಯಾಕೆ ಹೇಳಿದೆ?"

"ನಿನ್ನ ಪರ?" ಅತ್ತಿಗೆ ತಲೆಯೆತ್ತಿದಳು. "ನಿನ್ನ ಪರ ಯಾರು ಹೇಳಿದ್ರು? ನೀನು ಆ ಷೆಡ್ಡು ಬಿಟ್ಟುಹೋಗುವಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವರ ಜೊತೆ ನನ್ನೊಬ್ಬಳನ್ನೇ ಬಿಟ್ಟುಹೋದೆ."

ಎಡಚಿ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡಳು.

"ಅವರು 'ಬಾಗು' ಮಾಡಿದ ವರ್ಷ ನನಗೆ ಆಪರೇಷನ್ ಆಗಿತ್ತು," ಅತ್ತಿಗೆ ಮೇಜಿನ ಮೇಲಿನ ಕಲೆಯನ್ನು ಉಗುರಿನಿಂದ ಕೆರೆಯುತ್ತ ಹೇಳಿದಳು. "ಆಸ್ಪತ್ರೆಯಿಂದ ವಾಪಸು ಬಂದೆ, ನಿಲ್ಲೋಕಾಗ್ತಿರಲಿಲ್ಲ. ಮಲಗೋಣ ಅಂತ ಕೋಣೆಗೆ ಹೋದ್ರೆ ಮಂಚ ಇಲ್ಲ. ನಮ್ಮಮ್ಮನ ಮಂಚ. ನಮ್ಮ ತಾತ ಅವಳಿಗೆ ಅಂತ ಮಾಡಿದ್ದು. ನಾನು ಹುಟ್ಟಿದ್ದು ಅದರ ಮೇಲೆ, ನಮ್ಮಮ್ಮ ಸತ್ತಿದ್ದೂ ಅದರ ಮೇಲೆ. ಹಿಂದೆ ಹೋಗಿ ನೋಡ್ತೀನಿ, ಕಾಲುಗಳನ್ನ ಗರಗಸದಿಂದ ಕೊಯ್ದು ಒಲೆ ಪಕ್ಕ ಹಾಕಿದಾರೆ, ತಲೆ ಕಡೆ ಹಲಗೇನ ನಿಲ್ಲಿಸಿ ಬೆಂಕಿ ಹಚ್ಚಿದಾರೆ. ನನ್ನ ನೋಡಿ ಏನಂದ್ರು ಗೊತ್ತಾ? 'ಎಲ್ಲೋ ಗೆದ್ದಲು ತಿಂದುಹೋಗ್ತಿತ್ತು, ನೋಡು, ಈಗ ಚಿರಂಜೀವಿ ಆಯ್ತು' ಅಂದ್ರು. ಅವತ್ತು ನೆಲದ ಮೇಲೆ ಮಲಗಿದೆ ನಾನು."

"ಹಾಗಾದ್ರೆ ಬಗ್ಗಿಸಿದ್ದು..."

"ನಮ್ಮ ತಾತ. ಹಸಿ ಮರದಲ್ಲೇ ಬಗ್ಗಿಸಿದ್ದಂತೆ. ಒರಗಿ ಕೂರೋಕೆ ಬೆನ್ನಿಗೆ ಹಿತವಾಗಿರ್ಲಿ ಅಂತ. ನಿಮ್ಮಣ್ಣ ಅದನ್ನ ಮೇಲೆತ್ತಿ ನಿಲ್ಲಿಸಿದ್ರು, ಅಷ್ಟೇ."

ಅಷ್ಟೇ ಅನ್ನುವ ಮಾತು ಎಡಚಿಯ ಕಿವಿಯಲ್ಲಿ ನಿಂತಿತು. ಆ ಹಲಗೆಗೆ ಒರಗಿಕೊಂಡು ಎಷ್ಟು ಜನ ಮಲಗಿದ್ದರೋ. ಎದ್ದು, ಮಂಚದಿಂದ ಬಿಡಿಸಿ, ನಿಲ್ಲಿಸಿ ನೋಡಬೇಕು ಅಂತ ಹೊಳೆದದ್ದು ಅವನೊಬ್ಬನಿಗೆ. ತನಗೆ ಹೊಳೆಯುತ್ತಿರಲಿಲ್ಲ. ಆ 'ಅಷ್ಟೇ' ಅನ್ನುವಷ್ಟು ಮಾತ್ರ ಅವನ ಸ್ವಂತದ್ದು, ಅದನ್ನೇ ಅವಳು ಕಿತ್ತುಕೊಂಡಿದ್ದಳು.

"ಮೇಡಂಗೆ ಹೇಳಿಬಿಡ್ತೀನಿ," ಅಂದಳು.

"ಏನಂತ?"

"ಅದು ಅಣ್ಣನದ್ದು ಅಂತ."

"ಹೇಳು." ಅತ್ತಿಗೆ ಎದ್ದು ನಲ್ಲಿ ತಿರುಗಿಸಿ ಲೋಟ ತೊಳೆಯತೊಡಗಿದಳು. "ಅವಳು ಬಂದು ನನ್ನ ಕೇಳ್ತಾಳೆ. ನಾನು ಇಲ್ಲ ಅಂತೀನಿ. ನನಗೆ ಇಲ್ಲ ಅನ್ನೋಕೆ ಬರುತ್ತೆ."

ಎಡಚಿ ಹೇಳಲಿಲ್ಲ. ಅತ್ತಿಗೆಗೆ ಹೆದರಿಯೋ, ಹೆಸರಿನ ಆಸೆಗೋ, ಅಥವಾ ಆ ಕೊನೆಯ ನಗುವಿನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲವೋ, ಅವಳಿಗೇ ಬಗೆಹರಿಯಲಿಲ್ಲ. ಮೇಡಂಗೆ ಫೋನು ಮಾಡಿ ಜೋಡಿ ಆಗುವುದಿಲ್ಲ ಎಂದಷ್ಟೇ ತಿಳಿಸಿದಳು. "ಅಂಥ ಮರ ಇನ್ನು ಸಿಗಲ್ಲ," ಅಂದಳು. ಅಂಗಳಕ್ಕೆ ಕಬ್ಬಿಣದಲ್ಲೇ ಬೇರೇನೋ ಮಾಡಿಕೊಟ್ಟಳು. ಚೆನ್ನಾಗಿಯೇ ಬಂತು. ಆದರೂ 'ಬಾಗಿ'ನ ಎತ್ತರಕ್ಕೆ ಏರಲಿಲ್ಲ ಎಂದು ಬರೆದರು. ಅದನ್ನು ಓದಿ ಅವಳು ಪತ್ರಿಕೆಯನ್ನು ಚೂರು ಚೂರು ಮಾಡಿ ಕುಲುಮೆಗೆ ಹಾಕಿದಳು, ಸತ್ತ ಅಣ್ಣನಿಗೆ ಬಾಯಿಗೆ ಬಂದ ಹಾಗೆ ಬೈದಳು.

'ಬಾಗು' ಇರುವ ಕೋಣೆಗೆ ಅವಳು ಈಗ ಕಾಲಿಡುವುದಿಲ್ಲ. ಅತ್ತಿಗೆ ಮಾತ್ರ ಆಗಾಗ ಹೋಗುತ್ತಾಳೆ. ಕಾವಲಿನವನು "ಅಮ್ಮಾ, ಮುಟ್ಟಬಾರದು" ಅನ್ನುತ್ತಾನೆ. "ಹೂಂ ಕಣಪ್ಪ, ಗೊತ್ತು," ಅನ್ನುತ್ತಾಳೆ. ಅವನು ಆ ಕಡೆ ತಿರುಗಿದ ಮೇಲೆ ಹಲಗೆಯ ಮೇಲೆ ಅಂಗೈ ಇಟ್ಟು, ಮಸಿಯಾದ ಕೈಯನ್ನು ಕೋಟಿನ ಜೇಬಿಗೆ ಇಳಿಸಿಕೊಂಡು, ನಿಧಾನವಾಗಿ ಮೆಟ್ಟಿಲಿಳಿದು ಮನೆಗೆ ಬರುತ್ತಾಳೆ.